ಪಾಸ್‌ವರ್ಡ್ ತಪ್ಪೋ, ಹೆಡರ್ ಕೆಟ್ಟಿದೆಯೋ? ಲಕ್ಸ್ ಡಿಸ್ಕಿನ ತಲೆಭಾಗವನ್ನು ಟರ್ಮಿನಲ್‌ನಲ್ಲಿ ಓದುವ ಬಗೆ

ಓದುಗರ ಪ್ರಶ್ನೆ: ನನ್ನ ಉಬುಂಟು ಲ್ಯಾಪ್‌ಟಾಪ್‌ನ ಮದರ್‌ಬೋರ್ಡ್ ಸುಟ್ಟುಹೋಗಿದೆ. ಎಸ್‌ಎಸ್‌ಡಿ ಬಿಚ್ಚಿ ಯುಎಸ್‌ಬಿ ಕೇಸ್‌ಗೆ ಹಾಕಿ ಬೇರೆ ಕಂಪ್ಯೂಟರಿಗೆ ಚುಚ್ಚಿದೆ. ಇನ್‌ಸ್ಟಾಲ್ ಮಾಡುವಾಗ ಪೂರ್ತಿ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿದ್ದೆ. ಈಗ ಪಾಸ್‌ವರ್ಡ್ ಕೊಟ್ಟರೆ "ನೋ ಕೀ ಅವೈಲಬಲ್ ವಿತ್ ದಿಸ್ ಪಾಸ್‌ಫ್ರೇಸ್" ಎನ್ನುತ್ತದೆ. ಪಾಸ್‌ವರ್ಡ್ ಮರೆತಿಲ್ಲ, ಅದಂತೂ ಖಾತ್ರಿ. ನಡುವೆ ಒಮ್ಮೆ ವಿಂಡೋಸ್ ಪಿಸಿಗೂ ಹಾಕಿದ್ದೆ. ಏನೋ ಫಾರ್ಮ್ಯಾಟ್ ಎಂದು ಕೇಳಿತು, ಕ್ಯಾನ್ಸಲ್ ಒತ್ತಿದ ನೆನಪು. ಹೆಡರ್ ಕೆಟ್ಟಿರಬಹುದೇ? ಲಕ್ಸ್‌ಡಂಪ್ ಹಾಕಿ ನೋಡು ಎಂದು ಸ್ನೇಹಿತರು ಹೇಳಿದರು. ಅದರಲ್ಲಿ ಏನು ನೋಡಬೇಕು?

ಉತ್ತರ: ಮೊದಲು ಒಂದು ಸಮಾಧಾನದ ಮಾತು. ಲಕ್ಸ್ ಎಂದರೆ ಲಿನಕ್ಸಿನಲ್ಲಿ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ವಿಧಾನ, ಅದರ ವಿವರಗಳಿರುವ ತಲೆಭಾಗವೇ ಹೆಡರ್, ಅದನ್ನು ತೆರೆಯುವ ಪ್ರೋಗ್ರಾಂ ಕ್ರಿಪ್ಟ್‌ಸೆಟಪ್, ಹೆಡರಿನ ವಿವರವನ್ನು ಪಟ್ಟಿ ಮಾಡಿ ತೋರಿಸುವ ಅದರ ಕಮಾಂಡ್ ಲಕ್ಸ್‌ಡಂಪ್. ಈ ಸಂದೇಶ ಬಂದಿದೆ ಎಂದರೆ ಹೆಡರಿನ ಮುಖ್ಯ ಭಾಗವನ್ನು ಪ್ರೋಗ್ರಾಂ ಓದಿದೆ. ಅದು ಪೂರ್ತಿ ಹಾಳಾಗಿದ್ದರೆ "ನಾಟ್ ಎ ವ್ಯಾಲಿಡ್ ಲಕ್ಸ್ ಡಿವೈಸ್" ಎಂಬ ಬೇರೆಯದೇ ತಕರಾರು ಬರುತ್ತಿತ್ತು. ಹಾಗೆಂದು ಪಾಸ್‌ವರ್ಡೇ ತಪ್ಪು ಎಂದು ತೀರ್ಮಾನಿಸುವಂತೆಯೂ ಇಲ್ಲ. ಪಾಸ್‌ವರ್ಡ್ ತಪ್ಪಿದ್ದರೂ, ಕೀಸ್ಲಾಟ್ (ಹೆಡರಿನಲ್ಲಿ ಕೀ ಇಡುವ ಗೂಡು) ಜಾಗದಲ್ಲಿ ಒಂದೇ ಒಂದು ಬಿಟ್ ಕೆಟ್ಟಿದ್ದರೂ ಬರುವುದು ಇದೇ ಸಂದೇಶ.

ಯಾಕೆ ಹೀಗೆ? ಡಿಸ್ಕಿನ ದತ್ತಾಂಶಕ್ಕೆ ಬೀಗ ಹಾಕಿರುವುದು ನಿಮ್ಮ ಪಾಸ್‌ವರ್ಡ್ ಅಲ್ಲ, ಕಂಪ್ಯೂಟರ್ ತಾನೇ ಹುಟ್ಟಿಸಿದ ವಾಲ್ಯೂಮ್ ಕೀ. ಆ ಕೀಯನ್ನು 4000 ಪಟ್ಟು ಹಿಗ್ಗಿಸಿ, ನಿಮ್ಮ ಪಾಸ್‌ವರ್ಡಿನಿಂದ ಬಂದ ಕೀಲಿಯಲ್ಲಿ ಎನ್‌ಕ್ರಿಪ್ಟ್ ಮಾಡಿ ಕೀಸ್ಲಾಟ್ ಜಾಗದಲ್ಲಿ ಇಟ್ಟಿರುತ್ತದೆ. 64 ಬೈಟಿನ ಕೀ ಹೀಗೆ 2,56,000 ಬೈಟ್ ಆಗುತ್ತದೆ. ಸ್ಲಾಟನ್ನು ಅಳಿಸಿದಾಗ ಅದರ ಚೂರೊಂದು ಎಲ್ಲೋ ಉಳಿದರೂ ಪ್ರಯೋಜನಕ್ಕೆ ಬಾರದಿರಲಿ ಎಂದೇ ಈ ಹಿಗ್ಗಿಸುವಿಕೆ. ಆದ್ದರಿಂದ ಅಷ್ಟೂ ಬೈಟ್ ಸರಿಯಿದ್ದರೆ ಮಾತ್ರ ಕೀ ಮರಳಿ ಸಿಗುತ್ತದೆ. ಸಿಕ್ಕಿದ್ದು ಸರಿಯೇ ಎಂದು ನೋಡಲು ಇರುವುದು ಕೊನೆಯಲ್ಲಿ ಡೈಜೆಸ್ಟ್ (ಸರಿಯಾದ ಕೀಯಿಂದ ಲೆಕ್ಕ ಹಾಕಿ ಹೆಡರಿನಲ್ಲಿಟ್ಟ ಮೊತ್ತ) ಜೊತೆಗಿನ ಹೋಲಿಕೆಯೊಂದೇ. ಅದು ತಾಳೆಯಾಗದಿದ್ದಾಗ ತಪ್ಪು ಯಾವ ಹಂತದ್ದು ಎಂದು ಹೇಳುವ ಮಾಹಿತಿ ಪ್ರೋಗ್ರಾಂ ಬಳಿ ಇರುವುದಿಲ್ಲ. ಹೆಡರಿಗೆ ಚೆಕ್‌ಸಮ್ (ಬೈಟ್‌ಗಳು ಕೆಟ್ಟಿಲ್ಲವೆಂದು ತಾಳೆ ನೋಡುವ ಮೊತ್ತ) ಇದೆ, ಕೀಸ್ಲಾಟ್ ಜಾಗಕ್ಕೆ ಇಲ್ಲ. ಈ ಒಂದು ಸಂಗತಿ ನೆನಪಿದ್ದರೆ ಮುಂದಿನ ಪರೀಕ್ಷೆಗಳೆಲ್ಲ ತಾವಾಗಿ ಅರ್ಥವಾಗುತ್ತವೆ.

ಕಮಾಂಡುಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಎಂದಿನ ಸ್ಪೆಲಿಂಗ್‌ನಲ್ಲೇ ಟೈಪ್ ಮಾಡಿ. ಲಕ್ಸ್‌ಡಂಪ್‌ನ ಡಿ ಮಾತ್ರ ದೊಡ್ಡಕ್ಷರ, ಆ ಪದದ ಉಳಿದದ್ದೆಲ್ಲ ಚಿಕ್ಕದು. ಲಕ್ಸ್‌ಹೆಡರ್‌ಬ್ಯಾಕಪ್‌ನಲ್ಲಿ ಎಚ್ ಮತ್ತು ಬಿ ದೊಡ್ಡವು, ಡಿಡಿಯ 1ಎಂನಲ್ಲಿ ಎಂ ದೊಡ್ಡದು. ತಪ್ಪಿದರೆ ಅಂಥ ಕಮಾಂಡೇ ಇಲ್ಲ ಎನ್ನುತ್ತದೆ.

ಕೈ ಹಾಕುವ ಮುನ್ನ ನಕಲು

ಹೆಡರ್ ಓದಲು ಪಾಸ್‌ವರ್ಡ್ ಬೇಡ, ರೂಟ್ ಅನುಮತಿ ಸಾಕು. ಆದರೆ "ಓದುವುದು ತಾನೇ, ಏನಾದೀತು" ಎಂಬ ಧೈರ್ಯ ಲಕ್ಸಿನ ಹೊಸ ಆವೃತ್ತಿಯಾದ ಲಕ್ಸ್2ರಲ್ಲಿ ಪೂರ್ತಿ ಸರಿಯಲ್ಲ. ಲಕ್ಸ್2ರಲ್ಲಿ ಹೆಡರಿನ ಎರಡು ಪ್ರತಿ ಇರುತ್ತವೆ. ಲೋಡ್ ಮಾಡುವಾಗ ಒಂದು ಕೆಟ್ಟಿರುವುದು ಕಂಡರೆ, ಇನ್ನೊಂದನ್ನು ನೋಡಿ ಕೆಟ್ಟದ್ದನ್ನು ತಾನೇ ತಿದ್ದಿ ಬರೆಯಲು ಕ್ರಿಪ್ಟ್‌ಸೆಟಪ್ ಮುಂದಾಗುತ್ತದೆ. ಬಹುಪಾಲು ಸಲ ಇದು ಉಪಕಾರವೇ. ಆದರೆ ಏನಾಗಿದೆ ಎಂದು ತಿಳಿಯಬೇಕಾದಾಗ ಸಾಕ್ಷಿ ಅಳಿಸಿಹೋಗುತ್ತದೆ. ಹಾಗಾಗಿ ಮೊದಲು ಡಿಸ್ಕನ್ನು ಓದಲು ಮಾತ್ರ ಎಂದು ಮಾಡಿ, ತಲೆಭಾಗವನ್ನು ನಕಲು ಮಾಡಿಕೊಳ್ಳಿ:

ಎಲ್‌ಎಸ್‌ಬಿಎಲ್‌ಕೆ -ಎಫ್
ಸುಡೊ ಬ್ಲಾಕ್‌ಡೆವ್ --ಸೆಟ್‌ಆರ್‌ಒ /ಡೆವ್/ಎಸ್‌ಡಿಬಿ3
ಸುಡೊ ಡಿಡಿ ಇಫ್=/ಡೆವ್/ಎಸ್‌ಡಿಬಿ3 ಆಫ್=ತಲೆ.ಐಎಂಜಿ ಬಿಎಸ್=1ಎಂ ಕೌಂಟ್=17

ಉಬುಂಟು ಇನ್‌ಸ್ಟಾಲರ್ ಸಾಮಾನ್ಯವಾಗಿ ಮೊದಲ ಪಾರ್ಟಿಷನ್ನು ಇಎಫ್‌ಐಗೆ, ಎರಡನೆಯದು ಬೂಟ್‌ಗೆ, ಮೂರನೆಯದು ಎನ್‌ಕ್ರಿಪ್ಟ್ ಆದದ್ದು ಎಂದು ಇಡುತ್ತದೆ. "ಪೂರ್ತಿ ಡಿಸ್ಕ್" ಎಂದು ನೀವು ಹೇಳುತ್ತಿರುವುದು ನಿಜದಲ್ಲಿ ಈ ಮೂರನೆಯದು. ಎಲ್‌ಎಸ್‌ಬಿಎಲ್‌ಕೆ ಪಟ್ಟಿಯಲ್ಲಿ ಅದರ ಮುಂದೆ ಕ್ರಿಪ್ಟೊ‌_ಲಕ್ಸ್ ಎಂದಿರಬೇಕು. ನಿಮ್ಮ ಯಂತ್ರದಲ್ಲಿ ಹೆಸರು ಎಸ್‌ಡಿಬಿ3ರ ಬದಲು ಬೇರೆ ಇರಬಹುದು. ಗಾತ್ರ ನೋಡಿ ಖಚಿತ ಮಾಡಿಕೊಳ್ಳಿ. ಡಿಡಿಯಲ್ಲಿ ಇಫ್ ಮತ್ತು ಆಫ್ ಅದಲುಬದಲಾದರೆ ಈ ಲೇಖನದ ಅಗತ್ಯವೇ ಉಳಿಯುವುದಿಲ್ಲ.

17 ಯಾಕೆಂದರೆ ಲಕ್ಸ್2ರ ಮಾಮೂಲು ವ್ಯವಸ್ಥೆಯಲ್ಲಿ ಮೊದಲ 16 ಎಂಐಬಿ ಹೆಡರಿಗೇ ಮೀಸಲು, ದತ್ತಾಂಶ ಶುರುವಾಗುವುದು 1,67,77,216ನೇ ಬೈಟಿನಿಂದ. ಒಂದು ಎಂಐಬಿ ಹೆಚ್ಚು ತೆಗೆದುಕೊಂಡರೆ ಗಡಿಯಾಚೆಗೆ ಏನಿದೆ ಎಂದೂ ಕಾಣುತ್ತದೆ. ಹೆಡರ್ ಬ್ಯಾಕಪ್‌ಗೆಂದೇ ಲಕ್ಸ್‌ಹೆಡರ್‌ಬ್ಯಾಕಪ್ ಎಂಬ ಕಮಾಂಡ್ ಇದೆಯಲ್ಲ ಎಂದರೆ, ಅದು ಹೆಡರನ್ನು ಸರಿಯೆಂದು ಒಪ್ಪಿದ ಮೇಲಷ್ಟೇ ನಕಲು ಮಾಡುತ್ತದೆ. ಡಿಡಿ ಹಾಗಲ್ಲ, ಇದ್ದದ್ದನ್ನು ಇದ್ದ ಹಾಗೆ ತರುತ್ತದೆ. ನಕಲು ಮಾಡುವಾಗ ಓದುವ ದೋಷ ಬಂದರೆ ಅಲ್ಲೇ ನಿಲ್ಲಿಸಿ ಡಿಡಿರೆಸ್ಕ್ಯೂ ಬಳಸಿ. ಆಗ ಸಮಸ್ಯೆ ಹೆಡರಿನದ್ದಲ್ಲ, ಚಿಪ್ಪಿನದ್ದೋ ಕೇಬಲ್ಲಿನದ್ದೋ ಇರಬಹುದು.

ಇನ್ನು ಮುಂದಿನದೆಲ್ಲ ಈ ನಕಲಿನ ಮೇಲೆ. ಲಕ್ಸ್‌ಡಂಪ್ ಕೂಡ ಫೈಲಿನ ಮೇಲೆ ಚೆನ್ನಾಗಿಯೇ ನಡೆಯುತ್ತದೆ. ಮೊದಲ ನಕಲನ್ನು ಪಕ್ಕಕ್ಕಿಟ್ಟು, ಅದರ ಇನ್ನೊಂದು ಪ್ರತಿ ಮಾಡಿಕೊಂಡು ಕೆಲಸ ಮಾಡಿ.

ಮೊದಲ ಹದಿನಾರು ಬೈಟ್

ಎಕ್ಸ್‌ಎಕ್ಸ್‌ಡಿ -ಜಿ 1 -ಎಲ್ 16 ತಲೆ.ಐಎಂಜಿ
ಎಕ್ಸ್‌ಎಕ್ಸ್‌ಡಿ -ಜಿ 1 -ಎಸ್ 16384 -ಎಲ್ 16 ತಲೆ.ಐಎಂಜಿ

ಮೊದಲನೆಯದರ ಫಲಿತಾಂಶ ಹೀಗಿರಬೇಕು:

4ಸಿ 55 4ಬಿ 53 ಬಿಎ ಬಿಇ 00 02 00 00 00 00 00 00 40 00

ಮೊದಲ ನಾಲ್ಕು ಬೈಟ್ ಎಂದರೆ "ಲಕ್ಸ್" ಎಂಬ ನಾಲ್ಕು ಅಕ್ಷರ. ಬಿಎ ಬಿಇ ಸೇರಿ ಆರು ಬೈಟಿನ ಗುರುತು. 00 02 ಎಂದರೆ ಲಕ್ಸ್2. ಇಲ್ಲಿ 00 01 ಇದ್ದರೆ ಹಳೆಯ ಲಕ್ಸ್1, ಉಬುಂಟು 18.04ರ ಕಾಲದ ಇನ್‌ಸ್ಟಾಲ್ ಆಗಿದ್ದರೆ ಹಾಗಿರಬಹುದು. ಮುಂದಿನ ಎಂಟು ಬೈಟ್ ಹೆಡರಿನ ಒಂದು ಪ್ರತಿಯ ಗಾತ್ರ: ಹೆಕ್ಸಿನ 4000 ಎಂದರೆ 16,384 ಬೈಟ್. ಅಂಕಿಗಳನ್ನು ದೊಡ್ಡ ಬೈಟ್ ಮೊದಲು ಬರುವಂತೆ ಬರೆದಿರುವುದರಿಂದ ಎಡದಿಂದ ಬಲಕ್ಕೆ ಸೀದಾ ಓದಬಹುದು.

ಎರಡನೆಯ ಕಮಾಂಡ್ ತೋರಿಸುವುದು ಎರಡನೇ ಪ್ರತಿಯ ಶುರುವನ್ನು:

53 4ಬಿ 55 4ಸಿ ಬಿಎ ಬಿಇ 00 02 00 00 00 00 00 00 40 00

ಇದು ಅದೇ ನಾಲ್ಕು ಅಕ್ಷರ ತಿರುವುಮುರುವು, "ಸ್ಕುಲ್". ಎರಡನೇ ಪ್ರತಿಯನ್ನು ಮೊದಲನೆಯದೆಂದು ತಪ್ಪು ತಿಳಿಯಬಾರದೆಂದು ಹೀಗೆ ಮಾಡಿದ್ದಾರೆ.

ಗುರುತಿನ ಜಾಗದಲ್ಲಿ ಬೇರೇನಾದರೂ ಕಂಡರೆ ಅದೂ ಒಂದು ಸುಳಿವು. ಇಬಿ 52 90 ಎಂದು ಶುರುವಾಗಿ ಬಲಗಡೆಯ ಅಕ್ಷರಗಳ ಸಾಲಿನಲ್ಲಿ ಎನ್‌ಟಿಎಫ್‌ಎಸ್ ಎಂದಿದ್ದರೆ ವಿಂಡೋಸ್‌ನಲ್ಲಿ ಒತ್ತಿದ್ದು ಕ್ಯಾನ್ಸಲ್ ಅಲ್ಲ. ಮೂರನೇ ಬೈಟಿನಿಂದ "-ಎಫ್‌ವಿಇ-ಎಫ್‌ಎಸ್-" ಎಂದಿದ್ದರೆ ಅದು ಬಿಟ್‌ಲಾಕರ್ ಪಾರ್ಟಿಷನ್, ಅದನ್ನು ನೋಡಲು ಕ್ರಿಪ್ಟ್‌ಸೆಟಪ್ 2.3.0ರಿಂದ ಬಿಟ್‌ಎಲ್‌ಕೆಡಂಪ್ ಇದೆ. 512ನೇ ಬೈಟಿನಲ್ಲಿ ಲೇಬಲ್‌ಒನ್ ಎಂದಿದ್ದರೆ ಯಾರೋ ಪಿವಿಕ್ರಿಯೇಟ್ (ಪಾರ್ಟಿಷನ್ನನ್ನು ಎಲ್‌ವಿಎಂಗೆ ಸಿದ್ಧಪಡಿಸುವ ಕಮಾಂಡ್) ಕೊಟ್ಟಿದ್ದಾರೆ. ಮೊದಲ ಬೈಟಿನಿಂದಲೇ ಅರ್ಥವಿಲ್ಲದ ಗೊಂದಲವಿದ್ದರೆ ವೆರಾಕ್ರಿಪ್ಟ್ ಇರಬಹುದು. ಅದಕ್ಕೆ ಬಯಲಲ್ಲಿ ಕಾಣುವ ಗುರುತೇ ಇಲ್ಲ, ಮೊದಲ 64 ಬೈಟ್ ಸಾಲ್ಟ್ (ಪಾಸ್‌ವರ್ಡಿನ ಜೊತೆ ಬೆರೆಸುವ ಯಾದೃಚ್ಛಿಕ ಬೈಟ್‌ಗಳು), ಮಿಕ್ಕದ್ದು ಎನ್‌ಕ್ರಿಪ್ಟ್ ಆಗಿರುತ್ತದೆ. ಟಿಕ್ರಿಪ್ಟ್‌ಡಂಪ್ ಪಾಸ್‌ವರ್ಡ್ ಕೇಳುವುದು ಅದಕ್ಕೇ.

ಆರು ಬೈಟ್ ಮಾತ್ರ ಸೊನ್ನೆಯಾಗಿ ಉಳಿದದ್ದೆಲ್ಲ ಸರಿಯಿದ್ದರೆ ಯಾರೋ ವೈಪ್‌ಎಫ್‌ಎಸ್ -ಎ ಕೊಟ್ಟಿರುತ್ತಾರೆ. ಅದು ಅಳಿಸುವುದು ಗುರುತನ್ನು ಮಾತ್ರ, ಎರಡೂ ಪ್ರತಿಗಳಲ್ಲಿ. ಆ ಆರು ಬೈಟನ್ನು ವಾಪಸ್ ಬರೆದರೆ ಚೆಕ್‌ಸಮ್ ಕೂಡ ತಾಳೆಯಾಗಿ ಎಲ್ಲ ಮೊದಲಿನಂತಾಗುತ್ತದೆ. ಡಿಸ್ಕ್ ಹೋಯಿತು ಎಂದು ಬಿಸಾಡಿದವುಗಳಲ್ಲಿ ಇಂಥವು ಎಷ್ಟಿವೆಯೋ.

ಚೆಕ್‌ಸಮ್ ಕೈಯಾರೆ

ಲಕ್ಸ್2 ಹೆಡರಿನ ಒಂದೊಂದು ಪ್ರತಿಯಲ್ಲೂ 4096 ಬೈಟಿನ ಬೈನರಿ ಭಾಗ, ಅದರ ಹಿಂದೆ 12,288 ಬೈಟಿನ ಜೇಸನ್ ಪಠ್ಯ (ಸ್ಲಾಟ್‌ಗಳ ವಿವರ ಇರುವ ಭಾಗ) ಇರುತ್ತವೆ. 448ನೇ ಬೈಟಿನಿಂದ 64 ಬೈಟ್ ಜಾಗ ಚೆಕ್‌ಸಮ್‌ಗೆ. ಎಸ್‌ಎಚ್‌ಎ256 ಆದ್ದರಿಂದ ಬಳಕೆಯಾಗುವುದು ಅದರಲ್ಲಿ 32 ಮಾತ್ರ. ಆ 64 ಬೈಟನ್ನು ಸೊನ್ನೆ ಮಾಡಿ ಇಡೀ 16,384 ಬೈಟಿನ ಮೇಲೆ ಲೆಕ್ಕ ಹಾಕಿದ್ದೇ ಆ ಚೆಕ್‌ಸಮ್. ನೀವೇ ಮಾಡಿ ನೋಡಬಹುದು:

ಡಿಡಿ ಇಫ್=ತಲೆ.ಐಎಂಜಿ ಆಫ್=ಒಂದು.ಬಿನ್ ಬಿಎಸ್=16384 ಕೌಂಟ್=1
ಎಕ್ಸ್‌ಎಕ್ಸ್‌ಡಿ -ಪಿ -ಸಿ 32 -ಎಸ್ 448 -ಎಲ್ 32 ಒಂದು.ಬಿನ್
ಡಿಡಿ ಇಫ್=/ಡೆವ್/ಝೀರೊ ಆಫ್=ಒಂದು.ಬಿನ್ ಬಿಎಸ್=1 ಸೀಕ್=448 ಕೌಂಟ್=64 ಕಾನ್ವ್=ನೋಟ್ರಂಕ್
ಎಸ್‌ಎಚ್‌ಎ256ಸಮ್ ಒಂದು.ಬಿನ್

ಎರಡನೇ ಸಾಲು ಕೊಟ್ಟ 64 ಹೆಕ್ಸ್ ಅಂಕಿ, ಕೊನೆಯ ಸಾಲು ಕೊಟ್ಟದ್ದು ಒಂದೇ ಆಗಿದ್ದರೆ ಮೊದಲ ಪ್ರತಿ ಅಕ್ಷರಶಃ ಸರಿಯಿದೆ. ನೋಟ್ರಂಕ್ ಮರೆತರೆ ಫೈಲ್ 512 ಬೈಟಿಗೆ ಕತ್ತರಿಸಿಹೋಗಿ ತಪ್ಪು ಮೊತ್ತ ಬರುತ್ತದೆ, ಸುಮ್ಮನೆ ಗಾಬರಿಯಾಗುತ್ತೀರಿ. ಎರಡನೇ ಪ್ರತಿಗೆ ಮೊದಲ ಸಾಲಿನಲ್ಲಿ ಸ್ಕಿಪ್=1 ಸೇರಿಸಿ ಇದನ್ನೇ ಮತ್ತೆ ಮಾಡಿ. ಎರಡು ಪ್ರತಿಗಳ ಚೆಕ್‌ಸಮ್ ಒಂದಕ್ಕೊಂದು ಹೊಂದುವುದಿಲ್ಲ, ಹೊಂದಲೂ ಬಾರದು. ಗುರುತು, ಸಾಲ್ಟ್, ಸ್ಥಾನ ಬೇರೆ ಬೇರೆ. ಒಂದೊಂದೂ ತನ್ನೊಳಗಿನ ಮೊತ್ತಕ್ಕೆ ತಾಳೆಯಾದರೆ ಸಾಕು.

ಒಂದು ಸರಿ, ಇನ್ನೊಂದು ಕೆಟ್ಟಿದ್ದರೆ ಕ್ರಿಪ್ಟ್‌ಸೆಟಪ್ ತಾನೇ ಸರಿಮಾಡಿಕೊಳ್ಳುತ್ತದೆ. ಆದರೆ ಅದೇ ಜಾಗದಲ್ಲಿ ಎನ್‌ಟಿಎಫ್‌ಎಸ್‌ನಂಥ ಬೇರೆ ಗುರುತು ಕಂಡರೆ ತಾನಾಗಿ ಕೈ ಹಾಕುವುದಿಲ್ಲ. ಆಗ ಕ್ರಿಪ್ಟ್‌ಸೆಟಪ್ ರಿಪೇರ್ ಎಂದು ನೀವೇ ಹೇಳಬೇಕು, ಅದೂ ಮೊದಲು ನಕಲಿನ ಮೇಲೆ.

ಲಕ್ಸ್‌ಡಂಪ್‌ನಲ್ಲಿ ಕಣ್ಣು ಎಲ್ಲಿರಬೇಕು

ಕ್ರಿಪ್ಟ್‌ಸೆಟಪ್ ಲಕ್ಸ್‌ಡಂಪ್ ತಲೆ.ಐಎಂಜಿ

ಬರುವ ಉದ್ದ ಪಟ್ಟಿಯಲ್ಲಿ ಸಾಲ್ಟ್ ಮತ್ತು ಡೈಜೆಸ್ಟ್‌ನ ಹೆಕ್ಸ್ ಸಾಲುಗಳನ್ನು ದಾಟಿಬಿಡಿ. ಮೊದಲು ಎಪಾಕ್ ನೋಡಿ. ಹೆಡರನ್ನು ಬರೆದಾಗಲೆಲ್ಲ ಏರುವ ಎಣಿಕೆ ಇದು. ಹೊಸದಾಗಿ ಫಾರ್ಮ್ಯಾಟ್ ಆದ ಡಿಸ್ಕಿನಲ್ಲಿ 3 ಇರುವುದು ಸಾಮಾನ್ಯ. ಇನ್‌ಸ್ಟಾಲ್ ಮಾಡಿದ ಮೇಲೆ ಪಾಸ್‌ವರ್ಡ್ ಬದಲಿಸಿಯೇ ಇಲ್ಲ ಎಂಬುದು ನಿಮ್ಮ ನೆನಪು, ಇಲ್ಲಿ ಮಾತ್ರ 9 ಎಂದಿದೆ ಎನ್ನಿ. ನೀವೋ ಯಾವುದೋ ಪ್ರೋಗ್ರಾಮೋ ಹೆಡರನ್ನು ಮುಟ್ಟಿದೆ ಎಂದೇ ಅರ್ಥ.

ಮೆಟಾಡೇಟಾ ಏರಿಯಾ 16384, ಕೀಸ್ಲಾಟ್ಸ್ ಏರಿಯಾ 16744448 ಎಂದಿದ್ದರೆ ಮಾಮೂಲು ವಿನ್ಯಾಸ. ಎರಡು ಪ್ರತಿಗೆ 32,768 ಬೈಟ್ ಹೋಗಿ 16 ಎಂಐಬಿಯಲ್ಲಿ ಮಿಕ್ಕದ್ದು ಸ್ಲಾಟ್‌ಗಳಿಗೆ. ಫ್ಲಾಗ್ಸ್ ಸಾಲಿನ ಆಸುಪಾಸಿನಲ್ಲಿ ಆನ್‌ಲೈನ್-ರೀಎನ್‌ಕ್ರಿಪ್ಟ್ ಎಂಬ ರಿಕ್ವೈರ್‌ಮೆಂಟ್ ಕಂಡರೆ ಮರುಎನ್‌ಕ್ರಿಪ್ಷನ್ ಅರ್ಧಕ್ಕೆ ನಿಂತಿದೆ. ನೀವು ಅದನ್ನು ಶುರು ಮಾಡಿಯೇ ಇಲ್ಲವಾದರೆ ತಕ್ಷಣ ಪಾಸ್‌ವರ್ಡ್ ಕೊಡಬೇಡಿ. ಸಿವಿಇ-2021-4122 ಎಂಬ ದೋಷ ಇದೇ ದಾರಿಯದ್ದು: ಡಿಸ್ಕ್ ಕೈಗೆ ಸಿಕ್ಕವನು ಹೆಡರನ್ನು ತಿದ್ದಿ, ಮುಂದಿನ ಸಲ ಮಾಲೀಕನೇ ಪಾಸ್‌ವರ್ಡ್ ಕೊಟ್ಟಾಗ ಡಿಸ್ಕಿನ ಒಂದು ಭಾಗ ಡೀಕ್ರಿಪ್ಟ್ ಆಗುವಂತೆ ಮಾಡಬಹುದಿತ್ತು. 2.4.3 ಮತ್ತು 2.3.7ರಲ್ಲಿ ಸರಿಪಡಿಸಿದ್ದಾರೆ.

ನಿಮ್ಮ ವಿಷಯದಲ್ಲಿ ಮುಖ್ಯವಾದದ್ದು ಕೀಸ್ಲಾಟ್ಸ್ ಮತ್ತು ಟೋಕನ್ಸ್ (ಸ್ಲಾಟನ್ನು ಬೇರೆ ಸಾಧನದಿಂದ ತೆರೆಯುವ ವಿವರ) ಭಾಗ, ಎರಡನ್ನೂ ಜೋಡಿಸಿ ಓದಬೇಕು. ಟೋಕನ್ಸ್ ಕೆಳಗೆ ಸಿಸ್ಟಂಡಿ-ಟಿಪಿಎಂ2 ಎಂದಿದೆಯೇ? ಇದ್ದರೆ ಅದರ ಕೀಸ್ಲಾಟ್ ಸಂಖ್ಯೆ ನೋಡಿ. ಆ ಸ್ಲಾಟಿನ ಕೀಲಿಯನ್ನು ಬಿಚ್ಚಬಲ್ಲದ್ದು ಹಳೆಯ ಮದರ್‌ಬೋರ್ಡಿನ ಟಿಪಿಎಂ ಎಂಬ ಭದ್ರತಾ ಚಿಪ್ ಮಾತ್ರ. ಸುಟ್ಟ ಬೋರ್ಡಿನ ಜೊತೆಗೆ ಅದೂ ಹೋಯಿತು. ಇಲ್ಲಿ ಬಹಳ ಜನ ಎಡವುತ್ತಾರೆ: ಟಿಪಿಎಂ ಜೊತೆ ಪಿನ್ ಇಟ್ಟುಕೊಂಡವರು ದಿನಾ ಬೆಳಿಗ್ಗೆ ಟೈಪ್ ಮಾಡುತ್ತಿದ್ದದ್ದು ಆ ಪಿನ್. ಅದು ಡಿಸ್ಕಿನ ಪಾಸ್‌ವರ್ಡ್ ಅಲ್ಲ, ಟಿಪಿಎಂ ಬಾಗಿಲು ತೆಗೆಯುವ ಗುರುತು ಮಾತ್ರ. ಬೇರೆ ಯಂತ್ರದಲ್ಲಿ ಅದನ್ನೇ ಕೊಟ್ಟರೆ ನಿಮಗೆ ಬಂದ ಸಂದೇಶವೇ ಬರುತ್ತದೆ, ಮತ್ತು "ಪಾಸ್‌ವರ್ಡ್ ಮರೆತಿಲ್ಲ, ಖಾತ್ರಿ" ಎಂಬ ಮಾತೂ ನಿಜವೇ ಆಗಿರುತ್ತದೆ. ಇಂಥ ಸ್ಲಾಟನ್ನು ಇನ್ನೊಂದು ಚಹರೆಯಿಂದಲೂ ಗುರುತಿಸಬಹುದು: ಪಿಬಿಕೆಡಿಎಫ್ (ಪಾಸ್‌ವರ್ಡಿನಿಂದ ಕೀಲಿ ಮಾಡುವ ವಿಧಾನ) ಸಾಲಿನಲ್ಲಿ ಪಿಬಿಕೆಡಿಎಫ್2, ಹ್ಯಾಶ್ ಎಸ್‌ಎಚ್‌ಎ512, ಇಟರೇಷನ್ಸ್ ಬರೀ 1000. ಮನುಷ್ಯರ ಪಾಸ್‌ವರ್ಡಿನ ಸ್ಲಾಟಿನಲ್ಲಿ ಸಾಮಾನ್ಯವಾಗಿ ಆರ್ಗಾನ್2ಐಡಿ ಅಥವಾ ಆರ್ಗಾನ್2ಐ ಇರುತ್ತದೆ. ಸಿಸ್ಟಂಡಿ-ರಿಕವರಿ ಎಂಬ ಟೋಕನ್ ಇದ್ದರೆ ಎಂದೋ ರಿಕವರಿ ಕೀ ಬರೆದಿಟ್ಟಿದ್ದೀರಿ, ಡೈರಿ ಹುಡುಕಿ.

ಸ್ಲಾಟಿನ ಪ್ರಿಯಾರಿಟಿ ಇಗ್ನೋರ್ಡ್ ಎಂದಿದ್ದರೆ, ಸ್ಲಾಟ್ ಸಂಖ್ಯೆಯನ್ನು ಹೆಸರಿಸಿ ಹೇಳದ ಹೊರತು ಅದನ್ನು ಪ್ರಯತ್ನಿಸುವುದೇ ಇಲ್ಲ. ಮೆಮೊರಿ ಸಾಲಿನಲ್ಲಿ 1048576 ಎಂದಿದ್ದರೆ ಅದು ಕೆಐಬಿ ಲೆಕ್ಕ, ಅಂದರೆ ಒಂದು ಜಿಐಬಿ ರ‍್ಯಾಮ್ ಆ ಸ್ಲಾಟ್ ತೆರೆಯಲಿಕ್ಕೇ ಬೇಕು. ಒಂದು ಜಿಬಿಯ ಪುಟ್ಟ ಬೋರ್ಡಿನಲ್ಲಿ, ಲೈವ್ ಯುಎಸ್‌ಬಿಯಿಂದ ಬೂಟ್ ಆದ ಹಳೆಯ ಯಂತ್ರದಲ್ಲಿ ಪ್ರೋಗ್ರಾಂ ಅರ್ಧಕ್ಕೆ ಸಾಯುವುದು ಇದಕ್ಕೆ. ಡಿಸ್ಕಿನದ್ದೇನೂ ತಪ್ಪಿಲ್ಲ, ಹೆಚ್ಚು ರ‍್ಯಾಮ್ ಇರುವಲ್ಲಿಗೆ ಒಯ್ಯಿರಿ.

ಪಟ್ಟಿಯ ಬದಲು ಜೇಸನ್ ಪಠ್ಯವೇ ಬೇಕೆಂದರೆ ಹೊಸ ಆವೃತ್ತಿಗಳಲ್ಲಿ --ಡಂಪ್-ಜೇಸನ್-ಮೆಟಾಡೇಟಾ ಇದೆ. ಅದೇ ಕಮಾಂಡಿಗೆ --ಡಂಪ್-ವಾಲ್ಯೂಮ್-ಕೀ ಎಂಬ ಇನ್ನೊಂದು ಬಾಲವೂ ಇದೆ, ಅದನ್ನು ಮಾತ್ರ ಹಚ್ಚಬೇಡಿ; ಪಾಸ್‌ವರ್ಡ್ ಕೇಳಿಕೊಂಡು ಡಿಸ್ಕಿನ ಮೂಲ ಕೀಯನ್ನೇ ಪರದೆಯ ಮೇಲೆ ಚೆಲ್ಲುತ್ತದೆ. ಸಹಾಯ ಕೇಳುವಾಗ ಬರೀ ಲಕ್ಸ್‌ಡಂಪ್ ಪಟ್ಟಿ ಹಂಚಿದರೆ ಪಾಸ್‌ವರ್ಡ್ ಊಹಿಸಿ ನೋಡಲು ಸಾಕಾಗುವಷ್ಟು ಅದರಲ್ಲಿ ಇರುವುದಿಲ್ಲ, ಕೀಸ್ಲಾಟಿನ ದತ್ತಾಂಶ ಪಟ್ಟಿಗೆ ಬರುವುದಿಲ್ಲವಲ್ಲ. ತಲೆ.ಐಎಂಜಿ ಫೈಲ್ ಹಂಚಿದರೆ ಇರುತ್ತದೆ.

ಸ್ಲಾಟ್ ಜಾಗ ತೂತಾಗಿದೆಯೇ

ಚೆಕ್‌ಸಮ್ ಇಲ್ಲದ ಭಾಗ ಇದು, ಆದ್ದರಿಂದ ಕಣ್ಣಳತೆಯೇ ಗತಿ. ಲಕ್ಸ್‌ಡಂಪ್‌ನಲ್ಲಿ ಸ್ಲಾಟ್ 0ರ ಏರಿಯಾ ಆಫ್‌ಸೆಟ್ 32768, ಲೆಂತ್ 258048 ಎಂದಿರುತ್ತದೆ. 4096ರಿಂದ ಭಾಗಿಸಿದರೆ 8ನೇ ಬ್ಲಾಕಿನಿಂದ 63 ಬ್ಲಾಕ್. ಕೀ ದತ್ತಾಂಶ ಇರುವುದು 2,56,000 ಬೈಟ್ ಮಾತ್ರ, ಅಂದರೆ ಅರವತ್ತೆರಡೂವರೆ ಬ್ಲಾಕ್. ಹಾಗಾಗಿ ಪೂರ್ತಿ ತುಂಬಿರುವ 62ನ್ನು ತೆಗೆದುಕೊಳ್ಳೋಣ:

ಡಿಡಿ ಇಫ್=ತಲೆ.ಐಎಂಜಿ ಆಫ್=ಸ್ಲಾಟ್0.ಬಿನ್ ಬಿಎಸ್=4096 ಸ್ಕಿಪ್=8 ಕೌಂಟ್=62
ಎಕ್ಸ್‌ಎಕ್ಸ್‌ಡಿ -ಪಿ -ಸಿ 16 ಸ್ಲಾಟ್0.ಬಿನ್ | ಸಾರ್ಟ್ | ಯುನಿಕ್ -ಡಿ
ಸ್ಟ್ರಿಂಗ್ಸ್ -ಎನ್ 16 ಸ್ಲಾಟ್0.ಬಿನ್

ಎನ್‌ಕ್ರಿಪ್ಟ್ ಆದ ದತ್ತಾಂಶದಲ್ಲಿ ಹದಿನಾರು ಬೈಟಿನ ಒಂದೇ ಸಾಲು ಎರಡು ಕಡೆ ಬರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಎರಡನೇ ಕಮಾಂಡ್ ಏನನ್ನೂ ತೋರಿಸದೆ ಸುಮ್ಮನಿದ್ದರೆ ಒಳ್ಳೆಯದು. ಸೊನ್ನೆಗಳ ಸಾಲೋ ಎಫ್‌ಎಫ್‌ಗಳ ಸಾಲೋ ಬಂದರೆ ಆ ಸ್ಲಾಟಿನ ಮೇಲೆ ಏನೋ ಬರೆಯಲಾಗಿದೆ, ಅಥವಾ ಟ್ರಿಮ್ ಆಗಿದೆ (ಬೇಡದ ಜಾಗವೆಂದು ಎಸ್‌ಎಸ್‌ಡಿಗೆ ಹೇಳಿ ಖಾಲಿ ಮಾಡಿಸಲಾಗಿದೆ). ಮೂರನೆಯದರಲ್ಲಿ ಓದಲು ಬರುವ ಹದಿನಾರು ಅಕ್ಷರದ ತುಣುಕು ಸಿಕ್ಕರೂ ಅದೇ ಅರ್ಥ. ಇಲ್ಲಿ 16 ಅನ್ನು 8ಕ್ಕೆ ಇಳಿಸಬೇಡಿ. ಎರಡೂವರೆ ಲಕ್ಷ ಯಾದೃಚ್ಛಿಕ ಬೈಟಿನಲ್ಲಿ ಎಂಟು ಅಕ್ಷರದ ತುಣುಕುಗಳು ಆಕಸ್ಮಿಕವಾಗಿಯೇ ಹತ್ತಾರು ಸಿಗುತ್ತವೆ.

ಈ ಪರೀಕ್ಷೆಗೆ ಎರಡು ಮಿತಿ. ಅಲ್ಲೊಂದು ಇಲ್ಲೊಂದು ಬಿಟ್ ಮಾತ್ರ ತಿರುಗಿದ್ದರೆ ಇದು ಹಿಡಿಯುವುದಿಲ್ಲ. ಜೊತೆಗೆ, ಲಕ್ಸ್2 ಫಾರ್ಮ್ಯಾಟ್ ಮಾಡುವಾಗ ಇಡೀ ಕೀಸ್ಲಾಟ್ ಜಾಗಕ್ಕೆ ಮೊದಲೇ ಯಾದೃಚ್ಛಿಕ ಬೈಟ್ ತುಂಬಿರುವುದರಿಂದ ಖಾಲಿ ಸ್ಲಾಟೂ ಹೀಗೇ ಕಾಣುತ್ತದೆ. ಯಾವುದು ಜೀವಂತ ಎಂಬುದನ್ನು ಲಕ್ಸ್‌ಡಂಪ್‌ನಿಂದಲೇ ತಿಳಿಯಬೇಕು.

ಇಷ್ಟೆಲ್ಲ ಸರಿಯಿದ್ದರೆ ಪಾಸ್‌ವರ್ಡಿನ ಕಡೆ

ಕ್ರಿಪ್ಟ್‌ಸೆಟಪ್ ಓಪನ್ --ಟೆಸ್ಟ್-ಪಾಸ್‌ಫ್ರೇಸ್ --ಕೀ-ಸ್ಲಾಟ್ 0 -ವಿ ತಲೆ.ಐಎಂಜಿ

ಇದು ಡಿಸ್ಕನ್ನು ತೆರೆಯುವುದಿಲ್ಲ, ಪಾಸ್‌ವರ್ಡ್ ಹೊಂದುತ್ತದೆಯೇ ಎಂದಷ್ಟೇ ನೋಡುತ್ತದೆ. ಹೊಂದಿದರೆ "ಕೀ ಸ್ಲಾಟ್ 0 ಅನ್‌ಲಾಕ್ಡ್" ಎನ್ನುತ್ತದೆ.

ಹಳೆಯ ಲ್ಯಾಪ್‌ಟಾಪಿನಲ್ಲಿ ನೀವು ಪಾಸ್‌ವರ್ಡ್ ಕೊಡುತ್ತಿದ್ದದ್ದು ಬೂಟ್ ಆಗುವ ಹೊತ್ತಿನಲ್ಲಿ. ಆಗಿನ ಕೀಬೋರ್ಡ್ ಲೇಔಟ್ ಮತ್ತು ಈಗ ಡೆಸ್ಕ್‌ಟಾಪಿನಲ್ಲಿರುವ ಲೇಔಟ್ ಒಂದೇ ಇರಬೇಕಿಲ್ಲ. ಎಟ್, ಹ್ಯಾಶ್, ಪೌಂಡ್, ರೂಪಾಯಿ ಚಿಹ್ನೆಗಳು ಜಾಗ ಬದಲಿಸುತ್ತವೆ. ಪಾಸ್‌ವರ್ಡನ್ನು ಮೊದಲು ಯಾವುದಾದರೂ ಎಡಿಟರಿನಲ್ಲಿ ಟೈಪ್ ಮಾಡಿ ಕಣ್ಣಾರೆ ನೋಡಿ, ಸೇವ್ ಮಾಡದೆ ಮುಚ್ಚಿ.

ಪಾಸ್‌ವರ್ಡಿನಲ್ಲಿ ಕನ್ನಡ ಅಕ್ಷರ ಬಳಸಿದ್ದರೆ ಇನ್ನೊಂದು ಸೂಕ್ಷ್ಮವಿದೆ. ಕ್ರಿಪ್ಟ್‌ಸೆಟಪ್‌ಗೆ ಅಕ್ಷರ ಗೊತ್ತಿಲ್ಲ, ಬೈಟ್ ಮಾತ್ರ ಗೊತ್ತು. ಪರದೆಯ ಮೇಲೆ "ಕೊ" ಒಂದೇ ಥರ ಕಂಡರೂ ಯೂನಿಕೋಡಿನಲ್ಲಿ ಅದನ್ನು ಬರೆಯಲು ಎರಡು ದಾರಿ: ಕ ಜೊತೆಗೆ ಒಕಾರದ ಒಂದೇ ಚಿಹ್ನೆ, ಇಲ್ಲವೇ ಎಕಾರ ಮತ್ತು ಊಕಾರದ ಎರಡು ಚಿಹ್ನೆ ಸೇರಿ. ಓತ್ವದಲ್ಲಿ ಇನ್ನೂ ಒಂದು ದೀರ್ಘ ಚಿಹ್ನೆ ಸೇರುತ್ತದೆ. "ರ‍್ಯ" ಬರೆಯುವಾಗ ನಡುವೆ ಕಾಣದ ಜೋಡಣೆ ಚಿಹ್ನೆಯೊಂದು ಕೂರುತ್ತದೆ. ಒಂದು ಕೀಬೋರ್ಡ್ ತಂತ್ರಾಂಶ ಒಂದು ರೀತಿ, ಇನ್ನೊಂದು ಇನ್ನೊಂದು ರೀತಿ ಬರೆದರೆ ನಿಮಗೆ ಅದೇ ಪದ, ಡಿಸ್ಕಿಗೆ ಬೇರೆ ಪಾಸ್‌ವರ್ಡ್. ಡಿಸ್ಕ್ ಪಾಸ್‌ವರ್ಡಿಗೆ ಕನ್ನಡ ಪದವನ್ನೇ ಆಯ್ದುಕೊಳ್ಳಿ, ಒಳ್ಳೆಯದು. ಟೈಪ್ ಮಾಡುವುದು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಲಿ.

ಕೀಫೈಲ್ ಬಳಸುವವರು ಎಕೋ ಮೂಲಕ ಫೈಲ್ ಮಾಡಿದ್ದರೆ ಕೊನೆಯಲ್ಲಿ ಹೊಸಸಾಲಿನ ಬೈಟೊಂದು ಸೇರಿರುತ್ತದೆ. --ಕೀ-ಫೈಲ್ ಕೊಟ್ಟಾಗ ಅದೂ ಪಾಸ್‌ವರ್ಡಿನ ಭಾಗವೇ. ಪ್ರಿಂಟ್‌ಎಫ್ ಬಳಸಿ.

ಯುಎಸ್‌ಬಿ ಕೇಸ್‌ನ ಚೇಷ್ಟೆ ಮತ್ತು ವಿಂಡೋಸ್

ಕೆಲವು ಕೇಸ್‌ಗಳು 512 ಬೈಟಿನ ಸೆಕ್ಟರನ್ನು 4096 ಎಂದು ತೋರಿಸುತ್ತವೆ. ಆಗ ಪಾರ್ಟಿಷನ್ ಪಟ್ಟಿಯೇ ಕಾಣುವುದಿಲ್ಲ, ಏಕೆಂದರೆ ಜಿಪಿಟಿಯನ್ನು, ಅಂದರೆ ಆ ಪಟ್ಟಿಯನ್ನು, ಹುಡುಕುವುದು ಸೆಕ್ಟರ್ 1ರಲ್ಲಿ, ಅದು 512ನೇ ಬೈಟಿನ ಬದಲು 4096ನೇ ಬೈಟ್ ಆಗಿಬಿಟ್ಟಿರುತ್ತದೆ. ನಿಮಗೆ ಪಾಸ್‌ವರ್ಡ್ ಕೇಳಿದೆ ಎಂದರೆ ಈ ತೊಂದರೆ ಇಲ್ಲ. ಇದ್ದವರು ಬ್ಲಾಕ್‌ಡೆವ್ --ಗೆಟ್‌ಎಸ್‌ಎಸ್ ಕೊಟ್ಟು ನೋಡಿ, ಲೋಸೆಟಪ್ -ಆರ್ -ಪಿ --ಸೆಕ್ಟರ್-ಸೈಜ್ 512 ಎಂದು ಲೂಪ್ ಡಿವೈಸ್ ಮಾಡಿದರೆ ಪಾರ್ಟಿಷನ್‌ಗಳು ಮರಳುತ್ತವೆ. ಇಲ್ಲಿನ ಪಿ ದೊಡ್ಡಕ್ಷರ.

ವಿಂಡೋಸ್ ಕೇಳಿದ್ದು ಎರಡರಲ್ಲಿ ಒಂದು. "ಫಾರ್ಮ್ಯಾಟ್" ಎಂದಾದರೆ ಅದು ಪಾರ್ಟಿಷನ್ನಿನ ಒಳಗೆ ಬರೆಯುತ್ತದೆ. ಆಗಿದ್ದರೆ ಮೊದಲ ಹದಿನಾರು ಬೈಟಿನಲ್ಲೇ ಎನ್‌ಟಿಎಫ್‌ಎಸ್ ಹೆಸರು ಕಾಣುತ್ತದೆ. "ಇನಿಷಿಯಲೈಸ್" ಎಂದಾದರೆ ಡಿಸ್ಕಿನ ಮೊದಲಲ್ಲಿ ಮತ್ತು ಕೊನೆಯಲ್ಲಿ ಹೊಸ ಜಿಪಿಟಿ ಬರೆಯುತ್ತದೆ; ನಿಮ್ಮ ಲಕ್ಸ್ ಮೂರನೇ ಪಾರ್ಟಿಷನ್ನಿನಲ್ಲಿ ಇರುವುದರಿಂದ ಹೆಡರಿಗೆ ಏನೂ ಆಗುವುದಿಲ್ಲ.

ಪಾರ್ಟಿಷನ್ನೇ ಇಲ್ಲದೆ ಇಡೀ ಹಾರ್ಡ್‌ಡಿಸ್ಕನ್ನು ನೇರವಾಗಿ ಲಕ್ಸ್ ಮಾಡಿದವರ ಪಾಡು ಬೇರೆ. ಜಿಪಿಟಿ ತುಳಿಯುವುದು 34 ಸೆಕ್ಟರ್, ಅಂದರೆ 17,408 ಬೈಟ್. ಮೊದಲ ಪ್ರತಿ 16,384ಕ್ಕೆ ಮುಗಿಯುತ್ತದೆ, ಹಾಗಾಗಿ ಅದು ಪೂರ್ತಿ ಹೋಯಿತು. ಎರಡನೆಯದರ ಮೊದಲ 1024 ಬೈಟೂ ಹೋಯಿತು. ಎರಡೂ ಗುರುತು ಇಲ್ಲ, ಕ್ರಿಪ್ಟ್‌ಸೆಟಪ್ ಕೈಚೆಲ್ಲುತ್ತದೆ. ಆದರೆ ಎರಡನೇ ಪ್ರತಿಯ ಜೇಸನ್ ಶುರುವಾಗುವುದು 20,480ರಿಂದ, ಸ್ಲಾಟ್‌ಗಳು 32,768ರಿಂದ. ಕೀ ತೆಗೆಯಲು ಬೇಕಾದ ಸಾಲ್ಟ್, ಡೈಜೆಸ್ಟ್, ಆಫ್‌ಸೆಟ್ ಎಲ್ಲ ಆ ಜೇಸನ್ನಿನಲ್ಲೇ ಇವೆ. ಬೈನರಿ ಭಾಗದ ಸಾಲ್ಟಿಗೂ ಯುಯುಐಡಿಗೂ ಕೀ ಜೊತೆ ಸಂಬಂಧವಿಲ್ಲ. ಮೇಲೆ ಹೇಳಿದ ಚೆಕ್‌ಸಮ್ ಲೆಕ್ಕವನ್ನು ಹಿಮ್ಮುಖವಾಗಿ ಮಾಡಿ, ನಕಲಿನಲ್ಲಿ ಹೊಸ ಬೈನರಿ ಭಾಗ ಕಟ್ಟಿದರೆ ಹೆಡರ್ ಮತ್ತೆ ಎದ್ದು ನಿಲ್ಲುತ್ತದೆ. ಲಕ್ಸ್1ರಲ್ಲಿ ಈ ಅದೃಷ್ಟವಿಲ್ಲ. ಅದರ ಇಡೀ ಹೆಡರ್ ಮೊದಲ 592 ಬೈಟಿನಲ್ಲಿದೆ, ಎಂಟು ಸ್ಲಾಟುಗಳ ಸಾಲ್ಟ್ ಸಹ ಅಲ್ಲೇ. ಎರಡನೇ ಪ್ರತಿ ಇಲ್ಲ, ಮೊದಲ ಸ್ಲಾಟಿನ ದತ್ತಾಂಶವೂ 4096ನೇ ಬೈಟಿನಿಂದಲೇ ಶುರು. ಬ್ಯಾಕಪ್ ಇಲ್ಲದಿದ್ದರೆ ಅಲ್ಲಿಗೆ ಕತೆ ಮುಗಿಯಿತು.

ನಿಮ್ಮ ಡಿಸ್ಕಿಗೆ ನನ್ನ ಊಹೆ ಹೇಳಬೇಕೆಂದರೆ, ಮೊದಲು ಟೋಕನ್ಸ್ ನೋಡಿ, ಆಮೇಲೆ ಕೀಬೋರ್ಡ್ ಲೇಔಟ್. ಸ್ಲಾಟ್ ಜಾಗ ಕೆಟ್ಟಿರುವ ಸಾಧ್ಯತೆ ಮೂರನೆಯದು. ತೆರೆದ ತಕ್ಷಣ, ಬೇರೇನೂ ಮಾಡುವ ಮುನ್ನ:

ಸುಡೊ ಕ್ರಿಪ್ಟ್‌ಸೆಟಪ್ ಲಕ್ಸ್‌ಹೆಡರ್‌ಬ್ಯಾಕಪ್ /ಡೆವ್/ಎಸ್‌ಡಿಬಿ3 --ಹೆಡರ್-ಬ್ಯಾಕಪ್-ಫೈಲ್ ಹೆಡರ್.ಐಎಂಜಿ

16 ಎಂಐಬಿಯ ಈ ಫೈಲನ್ನು ಅದೇ ಡಿಸ್ಕಿನ ಒಳಗೆ ಇಡಬೇಡಿ. ಮುಂದೆ ಪಾಸ್‌ವರ್ಡ್ ಬದಲಿಸಿದರೂ ಈ ಹಳೆಯ ಬ್ಯಾಕಪ್ ಹಳೆಯ ಪಾಸ್‌ವರ್ಡಿಗೆ ತೆರೆದುಕೊಳ್ಳುತ್ತಲೇ ಇರುತ್ತದೆ, ಆದ್ದರಿಂದ ಪಾಸ್‌ವರ್ಡ್ ಬದಲಿಸಿದ ದಿನ ಹೊಸ ಬ್ಯಾಕಪ್ ತೆಗೆದು ಹಳೆಯದನ್ನು ಅಳಿಸಿ.